ಅವನೇ ಮೊದಲು ಕೊಟ್ಟನು

ಜನವರಿ 19

ಎಂಟನೇ ‘ಬಿ’ ಟೆಸ್ಟ್ ಪೇಪರ್ ತಿದ್ದಿ ಮುಗಿಯಿತು. ಮೂವತ್ತೆಂಟು ಮಕ್ಕಳು, ಒತ್ತಕ್ಷರ ಸರಿ ಬರೆಯುವವರು ನಾಲ್ಕೇ ಜನ. ಅರಸೀಕೆರೆಯಿಂದ ಚಿಂತಾಮಣಿಗೆ ಬಂದು ಎರಡು ವರ್ಷವಾಗುತ್ತ ಬಂತು. ಈ ಮಕ್ಕಳ ಬಾಯಿಂದ ತೆಲುಗು ಬಿಡಿಸಲು ಮಾತ್ರ ಆಗಲಿಲ್ಲ. ‘ಈ ಕ್ಲಾಸಿನಲ್ಲಿ ಕನ್ನಡ ಮಾತ್ರ’ ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದೇನೆ. ಅಳಿಸುವ ಧೈರ್ಯ ಯಾರಿಗೂ ಇಲ್ಲ.

ಮಧ್ಯಾಹ್ನ ಗಲಾಟೆ. ನೀರಿನ ಟ್ಯಾಂಕ್ ಹತ್ತಿರ ಹತ್ತನೇ ಕ್ಲಾಸಿನ ಅಂಬರೀಶ ಚನ್ನಕೇಶವನ ತಲೆಗೆ ಕಬ್ಬಿಣದ ರಾಡಿನಲ್ಲಿ ಹೊಡೆದ. ಮೂರು ಹೊಲಿಗೆ. ಚನ್ನಕೇಶವ ಎಂದರೆ ಶಾಲಾ ಕಮಿಟಿ ಮೆಂಬರ್ ಮೋಹನ್‌ಬಾಬು ಅವರ ಮಗ. ಹೆಡ್‌ಮಾಸ್ಟರ್ ವೆಂಕಟರಾಮಪ್ಪನವರು ಬೆವತುಹೋಗಿದ್ದರು. ಅಕ್ಷರ ಚೆನ್ನಾಗಿದೆ ಎಂದು ಹೇಳಿಕೆ ಬರೆಯಲು ನನ್ನನ್ನೇ ಕರೆದರು.

ಅಂಬರೀಶ ಎಡಗಿವಿ ಮುಚ್ಚಿಕೊಂಡು ನಿಂತಿದ್ದ. ಕೈ ತೆಗಿ ಎಂದೆ. ತೆಗೆಯಲಿಲ್ಲ. ಕೊಬ್ಬು.

‘ಹೊಡೆದೆಯಾ?’

‘ಹೂಂ ಮಿಸ್.’

‘ರಾಡ್ ನಿನ್ನ ಕೈಗೆ ಹೇಗೆ ಬಂತು? ಕನ್ನಡದಲ್ಲಿ ಹೇಳು.’

ಕನ್ನಡದಲ್ಲೇ ಶುರು ಮಾಡಿದ. ‘ನಾನ್ ಸುಮ್ನೆ ನೀರ್ ಕುಡೀತಿದ್ದೆ ಮಿಸ್...’ ಆಮೇಲೆ ಅಳು ಬಂತು, ಪೂರ್ತಿ ತೆಲುಗಿಗೆ ಹೋದ. ‘ವಾಡೇ ಮುಂದು ಕೊಟ್ಟಾಡು ಮಿಸ್. ವಾಡೇ ಮುಂದು ಕೊಟ್ಟಾಡು.’ ಇಷ್ಟೂ ಅರ್ಥವಾಗದ ದಡ್ಡಿಯೇನಲ್ಲ ನಾನು. ಬರೆದೆ — ‘ರಾಡನ್ನು ಅವನೇ ಮೊದಲು ಕೊಟ್ಟನು.’ ತನ್ನ ತಲೆಗೆ ಹೊಡೆಯಲು ತಾನೇ ರಾಡು ತಂದು ಕೊಡುತ್ತಾರಾ ಯಾರಾದರೂ? ಸುಳ್ಳಿಗೂ ಒಂದು ಮಿತಿ ಬೇಡವೇ. ಅವನ ಸಹಿ, ನನ್ನ ಸಹಿ, ಹೆಡ್‌ಮಾಸ್ಟರ್ ಸಹಿ.

ಜನವರಿ 23

ಕಮಿಟಿ ಮೀಟಿಂಗ್ ಆಯಿತು. ಅಂಬರೀಶ ಇನ್ನು ಶಾಲೆಗೆ ಬರುವಂತಿಲ್ಲ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಕೊಡುವುದಿಲ್ಲ. ಹೇಳಿಕೆಯ ಕೊನೆ ಸಾಲು ಓದಿ ಎಲ್ಲರೂ ನಕ್ಕರಂತೆ. ‘ಮಾಡೋದ್ ಮಾಡ್ಬಿಟ್ಟು ಕಥೆ ಬೇರೆ ಕಟ್ತಾನೆ’ ಎಂದರಂತೆ ಮೋಹನ್‌ಬಾಬು.

ಅವನ ತಾಯಿ ಪೆದ್ದಮ್ಮ ಆಫೀಸಿನ ಮೆಟ್ಟಿಲ ಮೇಲೆ ಸಂಜೆಯವರೆಗೂ ಕೂತಿದ್ದಳು. ನಾನು ಲ್ಯಾಬಿನ ಕಡೆಯಿಂದ ಸುತ್ತಿ ಬಂದೆ.

ಫೆಬ್ರವರಿ 6

ಸ್ಟಾಫ್ ರೂಮಿನಲ್ಲಿ ಒಂದೇ ಮಾತು — ಆ ಹೊಸ ವೆಬ್ ಸೀರೀಸ್. ಗಡಿ ಊರಿನ ಹುಡುಗ ಮಾರುತಿ, ಹದಿನೈದು ವರ್ಷ, ಕೋಪ ಬಂದರೆ ಕೈ ಮುಂದು. ಮ್ಯಾಥ್ಸ್ ಮೌನಿಕಾ ಊಟದ ಡಬ್ಬಿ ಮುಂದಿಟ್ಟುಕೊಂಡು ಕಣ್ಣೊರೆಸಿಕೊಂಡಳು. ‘ಆ ಹುಡುಗನ್ ಕಣ್ ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ ಕಣ್ರೀ ಸೌಜನ್ಯ. ಅವನ್ನ ಯಾರೂ ಅರ್ಥಾನೇ ಮಾಡ್ಕೊಳಲ್ಲ.’ ಹೆಡ್‌ಮಾಸ್ಟರ್ ಕೂಡ ಹೌದು ಹೌದು ಎಂದು ತಲೆಯಾಡಿಸಿದರು. ಲಾಗಿನ್ ಮೌನಿಕಾಳೇ ಕೊಟ್ಟಳು.

ಫೆಬ್ರವರಿ 8, ಭಾನುವಾರ, ಸಂಜೆ 5

ಬೆಳಿಗ್ಗೆಯಿಂದ ಐದು ಎಪಿಸೋಡ್. ಚೆನ್ನಾಗಿದೆ. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ.

ಐದನೆಯದರಲ್ಲಿ ಮಾರುತಿಯನ್ನು ಸ್ಟೇಷನ್ನಿನಲ್ಲಿ ಕೂರಿಸುತ್ತಾರೆ. ನಾಲ್ಕು ನಿಮಿಷ ಬರೀ ಅವನ ಮುಖ. ತುಟಿ ನಡುಗುವುದು, ಉಗುಳು ನುಂಗುವುದು, ಎಲ್ಲ. ಅವನ ಟೀಚರ್ ಪಕ್ಕದಲ್ಲಿ ಕೂತು ‘ನೀನು ಹೇಳು, ನಾನು ಕೇಳ್ತೀನಿ’ ಎನ್ನುತ್ತಾಳೆ. ಅವನು ತೆಲುಗಿನಲ್ಲಿ ಹೇಳುತ್ತಾನೆ. ‘ವಾಡೇ ಮುಂದು ಕೊಟ್ಟಾಡು.’

ಪರದೆಯ ಕೆಳಗೆ ಕನ್ನಡ ಸಬ್‌ಟೈಟಲ್ ಬಂತು: ‘ಅವನೇ ಮೊದಲು ಹೊಡೆದ.’

ಹಿಂದಕ್ಕೆ ಓಡಿಸಿ ನೋಡಿದೆ. ಮತ್ತೆ ನೋಡಿದೆ. ಮೌನಿಕಾಗೆ ಫೋನ್ ಮಾಡಿ ಕೇಳಿದೆ. ನಕ್ಕಳು. ‘ಅಯ್ಯೋ, ಕೊಟ್ಟೋದು ಅಂದ್ರೆ ತೆಲುಗಲ್ಲಿ ಹೊಡ್ಯೋದು ಕಣ್ರೀ. ಎರಡ್ ವರ್ಷ ಇಲ್ಲಿದ್ದು ಇಷ್ಟೂ ಗೊತ್ತಿಲ್ವಾ?’

ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವುದು ನನ್ನ ಘನತೆಗೆ ಕಡಿಮೆ ಎಂದುಕೊಂಡಿದ್ದೆ. ನಾಲ್ಕು ನಿಮಿಷ ಆ ನಟನ ಮುಖ ನೋಡಿ ಅತ್ತೆನಲ್ಲ, ಅಂಬರೀಶನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಹಾಳೆ ನೋಡುತ್ತಿದ್ದೆ, ಸಾಲು ನೇರವಾಗಿದೆಯೋ ಇಲ್ಲವೋ ಎಂದು. ಥೂ.

ಫೆಬ್ರವರಿ 9

ಹೇಳಿಕೆ ಬರೆಯುವಾಗ ನನ್ನಿಂದ ತಪ್ಪಾಗಿದೆ ಎಂದು ಲೆಟರ್ ಬರೆದುಕೊಂಡು ಹೆಡ್‌ಮಾಸ್ಟರ್ ಹತ್ತಿರ ಹೋದೆ. ಓದಿದರು. ಆಶ್ಚರ್ಯವೇ ಆಗಲಿಲ್ಲ ಅವರಿಗೆ.

‘ನಮ್ ಮನೇಲೂ ತೆಲುಗೇ ಅಲ್ವೇನಮ್ಮ.’

‘ಹಾಗಾದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ ಸಾರ್?’

‘ಬರೆದೋರು ಕನ್ನಡ ಟೀಚರ್ರು. ನಾನ್ಯಾಕೆ ತಿದ್ಲಿ?’ ಕನ್ನಡಕ ತೆಗೆದು ಒರೆಸಿಕೊಂಡರು. ‘ನೋಡಮ್ಮ, ಇದನ್ನ ಇನ್‌ವರ್ಡ್ ಮಾಡಿದ್ರೆ ಆ ಹುಡುಗನಿಗೆ ಹಾಲ್ ಟಿಕೆಟ್ ಕೊಡ್ಲೇಬೇಕಾಗುತ್ತೆ. ಚನ್ನಕೇಶವನ್ ಮೇಲೂ ಕ್ರಮ ತಗೋಬೇಕಾಗುತ್ತೆ. ನಿಮ್ ಪ್ರೊಬೇಷನ್ ಫೈಲು ಮುಂದಿನ್ ತಿಂಗಳು ಅವರಪ್ಪನ್ ಮುಂದೇನೇ ಬರೋದು. ಕೊಡಿ, ಬೇಡ ಅನ್ನಲ್ಲ. ಯೋಚ್ನೆ ಮಾಡಿ ಕೊಡಿ.’

ಲೆಟರ್ ಮಡಿಸಿ ವಾಪಸ್ ಬ್ಯಾಗಿಗೆ ಹಾಕಿಕೊಂಡೆ. ಯೋಚನೆ ಮಾಡಲಿಕ್ಕಂತೆ.

ಮಾರ್ಚ್ 1, ಭಾನುವಾರ

ಅಂಬಾಜಿದುರ್ಗದ ಕಡೆ ಬಸ್ ಹತ್ತಿದೆ. ಅವರ ಮನೆ ಕೇಳಿಕೊಂಡು ಹೋದೆ. ಪೆದ್ದಮ್ಮ ಗಾಬರಿಯಾಗಿ ಚಾಪೆ ಹಾಸಿದಳು, ಪಕ್ಕದ ಮನೆಯಿಂದ ಹಾಲು ತಂದು ಕಾಫಿ ಮಾಡಿದಳು. ಅಂಬರೀಶ ಈಗ ಟೊಮ್ಯಾಟೊ ಮಂಡಿಯಲ್ಲಿ ಕ್ರೇಟ್ ಹೊರುತ್ತಾನೆ. ಬಂದು ಗೋಡೆಗೆ ಒರಗಿ ನಿಂತ. ಮಾತಾಡಿಸಿದೆ, ತಿರುಗಲಿಲ್ಲ.

‘ಈ ಕಡೆ ಬಂದ್ ಮಾತಾಡಿ ಮೇಡಮ್ಮ. ಆ ಹುಡುಗ ಹೊಡ್ದಾಗ್ಲಿಂದ ಎಡಗಿವಿ ಕೇಳ್ಸಲ್ಲ ಇವನ್ಗೆ,’ ಎಂದಳು ಪೆದ್ದಮ್ಮ.

ಲೋಟ ಕೆಳಗಿಟ್ಟು ಅವನ ಬಲಗಡೆಗೆ ಬಂದು ನಿಂತೆ. ಕ್ಷಮಿಸು ಎನ್ನಬೇಕು ಎಂದೇ ಹೋದವಳು. ಅದರ ಬದಲು ಏನೋ ಒಂದು ಕೇಳಬೇಕಲ್ಲ ಎಂದು ಆ ಸೀರೀಸ್ ನೋಡಿದೆಯಾ ಎಂದು ಕೇಳಿದೆ. ಎಂಥ ಪ್ರಶ್ನೆ.

‘ಮಂಡೀಲಿ ಒಬ್ಬಣ್ಣ ತೋರ್ಸಿದ್ರು ಮಿಸ್. ಚೆನ್ನಾಗೈತೆ.’ ಅಂಗೈ ಪ್ಯಾಂಟಿಗೆ ಒರೆಸಿಕೊಂಡ. ‘ಅವ್ನ್ ಏನ್ ಹೇಳ್ತಾನೋ ಅದೇ ಕೆಳಗಡೆ ಬರ್ಕೊಂಡ್ ಬರುತ್ತೆ.’

ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ಪರವಾಗಿರಲಿಲ್ಲ. ಹೊರಡುವಾಗ ಬಾಯಿಗೆ ಬಂದದ್ದು ಇಷ್ಟೇ — ‘ಓದ್ಕೊಂಡಿರು ಅಂಬರೀಶ. ಪರೀಕ್ಷೆ ವಿಷಯ ನಾನು ನೋಡ್ತೀನಿ.’ ಪೆದ್ದಮ್ಮ ಬಸ್ ಬರುವವರೆಗೂ ಜೊತೆಗೇ ನಿಂತಿದ್ದಳು, ನನ್ನ ಫೋನ್ ನಂಬರ್ ಬರೆಸಿಕೊಂಡಳು.

ನಾಳೆ ಲೆಟರ್ ಕೊಡುತ್ತೇನೆ.

ಮಾರ್ಚ್ 2

ಹೆಡ್‌ಮಾಸ್ಟರ್ ರಜೆ.

ಮಾರ್ಚ್ 4

ಇದ್ದರು. ಜೊತೆಗೆ ಮೋಹನ್‌ಬಾಬು ಕೂತಿದ್ದರು. ‘ಏನಮ್ಮ?’ ಎಂದರು. ಚಾಕ್‌ಪೀಸ್ ಮುಗಿದಿದೆ ಎಂದೆ.

ಮಾರ್ಚ್ 12

ಕನ್ಫರ್ಮೇಷನ್ ಆರ್ಡರ್ ಬಂತು. ಅರಸೀಕೆರೆಗೆ ಫೋನ್ ಮಾಡಿದೆ. ಅಪ್ಪ ದೇವರಿಗೆ ದೀಪ ಹಚ್ಚಿಸಿದರಂತೆ. ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕ್ ಹಂಚಿದೆ. ಹೆಡ್‌ಮಾಸ್ಟರ್ ಎರಡು ತಗೊಂಡರು.

ಈಗ ಕೊಡಬಹುದಲ್ಲ? ಈಗ ಭಯ ಯಾವುದು? ಅದನ್ನೇ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೇನೆ. ಈಗ ಕೊಟ್ಟರೆ, ಒಂದು ತಿಂಗಳು ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳುತ್ತಾರೆ. ಕೇಳಿದರೆ ಹೇಳಲು ಉತ್ತರ ಇದೆ. ಅದೇ ಕಷ್ಟ.

ಮಾರ್ಚ್ 17, ಸಂಜೆ 6.40

ನಾಳೆ ಎಸ್ಸೆಸ್ಸೆಲ್ಸಿ ಶುರು. ಮೊದಲ ದಿನವೇ ಕನ್ನಡ. ಡೆಸ್ಕುಗಳಿಗೆಲ್ಲ ನಂಬರ್ ಅಂಟಿಸಿ ಬಂದೆ. ಆಫೀಸಿಗೆ ಬೀಗ ಹಾಕಿ ಎಲ್ಲರೂ ಹೋದರು. ಲೆಟರ್ ಇನ್ನೂ ಬ್ಯಾಗಿನಲ್ಲೇ ಇದೆ.

ಈಗ ತಾನೇ ಪೆದ್ದಮ್ಮನ ಫೋನ್.

‘ಮೇಡಮ್ಮ, ನಾಳೆ ಎಷ್ಟ್ ಗಂಟೆಗ್ ಕಳಿಸ್ಲಿ ಇವನ್ನ? ನೀವ್ ಬಂದ್ ಹೋದ್ಮೇಲೆ ಮಂಡಿ ಬಿಟ್ಬಿಟ್ಟ. ಓದಿದ್ದೇ ಓದಿದ್ದು. ಯೂನಿಫಾರಂ ಒಗ್ದ್ ಹಾಕೀನಿ, ಬಲಗಡೆ ಕೂರ್ಸ್ಬೇಡಿ, ಎಡಗಡೆ ಗೋಡೆ ಪಕ್ಕ ಕೂರ್ಸಿ, ಆಗ ಹೇಳಿದ್ದು ಕೇಳ್ಸುತ್ತೆ.’

ಬರಬೇಡ ಎನ್ನಬೇಕಿತ್ತು. ಒಂಬತ್ತೂವರೆಗೆ ಕಳಿಸಿ ಎಂದೆ. ಯಾಕೆ ಹಾಗೆಂದೆನೋ.

ಹೆಡ್‌ಮಾಸ್ಟರ್‌ಗೆ ಮೂರು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ.

ನಾಳೆ ನನಗೆ ಗೇಟ್ ಡ್ಯೂಟಿ. ಹಾಲ್ ಟಿಕೆಟ್ ಇದ್ದವರನ್ನು ನೋಡಿ ಒಳಗೆ ಬಿಡುವುದು. ಅವನು ಒಂಬತ್ತೂವರೆಗೆ ಪ್ಯಾಡು ಪೆನ್ನು ಹಿಡಿದು ನನ್ನ ಮುಂದೆ ಬಂದು ನಿಂತಾಗ ನಾನು ಅವನಿಗೆ ಏನು ಕೊಡಲಿ?