ಲಾಡ್ಲೆಸಾಬ ಕೇಳೋ ಹಾಡು

ನವೆಂಬರ್ 4, 2024. ಆಳಂದ. ಬೆಳಿಗ್ಗೆ 11

ಇವತ್ತೂ ಚಹಾ ಕುಡಿದು ಲಾಡ್ಲೆಸಾಬನ ಟೇಲರ್ ಅಂಗಡಿಗೆ ಹೋದೆ. ಇವತ್ತೂ ಹತ್ತು ನಿಮಿಷಕ್ಕ ವಾಪಸ್. ಅದೇ ಡಿಜೆ ಹಾಡು. ಟ್ರ್ಯಾಕ್ಟರು, ಹುಡುಗಿ, ಢೋಲು... ಮುಗೀತು ಅನ್ನೋದ್ರಾಗ ತಿರಗಿ ಟ್ರ್ಯಾಕ್ಟರು. ಸೌಂಡ್ ಕಮ್ಮಿ ಮಾಡಪಾ ಅಂದ್ರ ನಕ್ಕು ಮಷೀನ್ ತುಳ್ಯಾಕತ್ತಿದ. ಅರವತ್ತೆರಡು ವಯಸ್ಸು ಇವನಿಗೆ.

ರಿಟೈರ್ ಆದ ಮ್ಯಾಲೆ ದಿನಾ ಅಲ್ಲೇ ಕುಂತು ಚಲೋ ಸಂಗೀತ ಕೇಳೋಣ ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ.

ನವೆಂಬರ್ 6

ತಲಿ ಕೆಟ್ಟದ. ಬರದರ ಸಮಾಧಾನ ಆಗಬಹುದು.

ಸಣ್ಣವಿದ್ದಾಗ ಹಾಡಂದ್ರ ಅವ್ವನ ವಚನ, ಅಷ್ಟೇ. ಹೈಸ್ಕೂಲಿಗೆ ಬಂದಾಗ ಲಾಡ್ಲೆಸಾಬನ ಅಪ್ಪನ ಅಂಗಡಿ ರೇಡಿಯೋದಾಗ ಸಿನಿಮಾ ಹಾಡು. ವಚನ ಬ್ಯಾಸರ ಬಂತು — ಅವ್ವನ ಮುಂದ ಹಂಗೇ ಅಂದೆ ಸೈತ. ಆಮ್ಯಾಲೆ ಇವನೇ ದರ್ಗಾಕ್ಕ ಕರಕೊಂಡು ಹೋಗಿ ಖವ್ವಾಲಿ ಕೇಳಿಸಿದ. ಹಿಂದಿ ಮಾಸ್ತರ ನೌಕರಿ ಸಿಕ್ಕ ಮ್ಯಾಲೆ ಗಝಲ್ ಹುಚ್ಚು. ನನಗ ತಿಳೀದ ಉರ್ದು ಶಬ್ದಕ್ಕ ಇವನೇ ಅರ್ಥ ಹೇಳಾಂವ, ಅಂಗಿಗೆ ಕಾಜ ಹಾಕ್ಕೋತ. ಆವಾಗ ಸಿನಿಮಾ ಹಾಡು ಹಲ್ಕಾ ಅನಸ್ತು. ನಲವತ್ತು ದಾಟಿದ ಮ್ಯಾಲೆ ಹಿಂದೂಸ್ತಾನಿ. ಅದರಾಗೂ ಸಾರಂಗಿ. ಆವಾಗ ಗಝಲೂ ಹಗುರ ಅನಸ್ತು.

ಒಂದೊಂದೇ ಮೆಟ್ಟಲು ಕೂಡಿ ಹತ್ತಿದ್ವಿ. ಇಂವ ಈಗ ಅಷ್ಟೂ ಇಳಿದು ಓಣ್ಯಾಗ ನಿಂತು ಕುಣ್ಯಾಕತ್ತಾನ.

ನವೆಂಬರ್ 15

ಜಗಳ ಆತು. ನಾನೇ ತಗದೆ.

"ನಿನ್ನ ಕಿವಿ ಕೆಟ್ಟಾವ ಲೇ" ಅಂದೆ.

ಮಷೀನ್ ನಿಲ್ಲಿಸಿದ. ನನ್ನ ಮಾರಿ ನೋಡಿದ. "ಮಾಸ್ತರ, ನೀ ಮನೀಗೆ ಹೋಗು" ಅಂದ, ಮೆಲ್ಲಕ.

ಬಂದೇನಿ. ಇನ್ನ ಹೋಗಂಗಿಲ್ಲ.

ಡಿಸೆಂಬರ್ 20

ತಿಂಗಳ ಮ್ಯಾಲಾತು. ಅಂವ ಒಂದು ಫೋನ್ ಮಾಡಿಲ್ಲ. ನಾನೂ ಇಲ್ಲ.

ಮನ್ಯಾಗ ಒಬ್ಬನೇ ಸಾರಂಗಿ ಹಚ್ಕೊಂಡು ಕುಂದರ್ತೇನಿ. ಚಲೋ ಜಾಗಾ ಬಂತಂದ್ರ ರೂಢಿ ಪ್ರಕಾರ ಕತ್ತೆತ್ತಿ ಎದುರಿಗೆ ನೋಡ್ತೇನಿ. ಎದುರಿಗೆ ಫ್ರಿಜ್.

ಜನವರಿ 9, 2025

ಹೆಂಡತಿ ಕಸ್ತೂರಿಬಾಯಿ ಹೊಸ ಜಂಪರ್ ಹೊಲಿಸ್ಕೊಂಡು ತಂದಾಳ. ಹುಕ್ಕು ಹಿಂದ ಹಾಕು ಅಂದಿದ್ದಳಂತ, ಲಾಡ್ಲೆಸಾಬ ಮುಂದ ಹಾಕ್ಯಾನ. ಮೂವತ್ತೈದು ವರ್ಷದಾಗ ಆಕಿ ಬಟ್ಟಿ ಅಂವ ಒಮ್ಮೆನೂ ಕೆಡಿಸಿಲ್ಲ.

"ಹಿಂದ, ಹಿಂದ ಅಂತ ಮೂರು ಸಲ ಹೇಳಿದೆ ರೀ. ನನ್ನ ಬಾಯೇ ನೋಡ್ಕೋತ ನಿಂತಿದ್ದ."

"ಆ ಹಾಡಿನ ಗದ್ದಲದಾಗ ಏನ ಕೇಳಸ್ತದ ಅವನಿಗೆ" ಅಂದೆ.

"ಹಾಡು ಬಂದ್ ಇತ್ತಲ್ಲ."

ಜಂಪರ್ ಮಡಚಿ ಒಳಗ ಹೋದಳು. ನಾನು ಅಲ್ಲೇ ಕುಂತೆ.

ಜನವರಿ 10. ಮಧ್ಯಾಹ್ನ 1

ಅಂಗಡಿಗೆ ಹೋಗಿದ್ದೆ. ಮೊಬೈಲ್‌ನಾಗ ಸಾರಂಗಿ ಹಚ್ಚಿ ಅವನ ಕಿವಿಗೆ ಹಿಡಿದೆ.

"ತಬಲಾ ಕೇಳಸ್ತದ" ಅಂದ. ನನ್ನ ಕೈ ಸರಿಸಿ, "ಸಾರಂಗಿ ಹೋಗಿ ಎರಡು ವರ್ಷಾತು ಮಾಸ್ತರ."

ಕಲಬುರಗಿ ಡಾಕ್ಟರಿಗೆ ತೋರಿಸ್ಯಾನ. ಸಣ್ಣ ದನಿ ಹೋಗ್ತಾವ, ದಪ್ಪ ದನಿ ಉಳೀತಾವ ಅಂದಾರಂತ. ಕಿವಿ ಮಷೀನೂ ಹಾಕ್ಯಾರ. ಅದರಾಗ ಸಾರಂಗಿ ಅಂದ್ರ ತಗಡು ಕೆರದಂಗ ಕೇಳಸ್ತದಂತ. ತಗದು ಡಬ್ಬ್ಯಾಗ ಇಟ್ಟಾನ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬರ್ತಿದ್ದಿ, ಆದ್ರ ಹಾಡು ಬಂದ್ ಮಾಡ್ಕೊಂಡು ಸುಮ್ಮ ಕುಂದರ್ತಿದ್ದಿ. ಅದು ಬ್ಯಾಡಾಗಿತ್ತು." ದಾರ ಹಲ್ಲಿನ್ಯಾಗ ಕಡದ. "ಢೋಲು ಮಾತ್ರ ಪೂರಾ ಕೇಳಸ್ತದ. ಒಂದಾದ್ರೂ ಪೂರಾ ಕೇಳಬೇಕಲ್ಲ."

ಅದೇ ದಿನ. ಸಂಜಿ

ಎರಡು ವರ್ಷ. ಅದರಾಗ ಒಂದು ವರ್ಷಕ್ಕೂ ಹೆಚ್ಚು ಅಂವ ನನ್ನ ಜೋಡಿ ಕುಂತು ಸಾರಂಗಿಗೆ "ವಾಹ್" ಅಂದಾನ. ಸರಿಯಾದ ಜಾಗಾಕ್ಕೇ ಅಂತಿದ್ದ. ನನ್ನ ಮಾರಿ ನೋಡಿ ಅಂತಿದ್ದ.

ನಾನು ಅವನಿಗೆ ಕಿವಿ ಕೆಟ್ಟಾವ ಅಂದೆ. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದ ಬಾಯಿ ಇದು.

ಜನವರಿ 12

ಡಿಜೆ ಹಾಡು ನಾನೇ ಹುಡುಕಿ ಕೇಳ್ದೆ. ಏಳು. ಏಳರಾಗ ಐದು ಟ್ರ್ಯಾಕ್ಟರು. ಹಾಡಾಂವಗ ಶ್ರುತಿ ಇಲ್ಲ, ಬರದಾಂವಗ ನಾಚಿಕಿ ಇಲ್ಲ.

ಕಸ್ತೂರಿಬಾಯಿ ಅಡಗಿ ಮನಿಯಿಂದ ಹಣಿಕಿ ಹಾಕಿ, "ಆರಾಮ ಅದೀರಿಲ್ಲ?" ಅಂದಳು.

ಎಂಟನೇದೂ ಕೇಳ್ದೆ.

ಜನವರಿ 27. ಮಧ್ಯಾಹ್ನ 3

ಎರಡು ವಾರದಿಂದ ದಿನಾ ಅಂಗಡಿಗೆ ಹೋಗಾಕತ್ತೇನಿ. ದಿನಾ ತಲಿನೋವು. ಇವತ್ತು ಕಿವಿಗೆ ಹತ್ತಿ ಇಟ್ಕೊಂಡು ಹೋಗಿದ್ದೆ. ನೋಡೇ ಬಿಟ್ಟ.

"ಅಷ್ಟು ಕಷ್ಟ ಪಟ್ಟು ಯಾಕ ಬರ್ತಿ ಲೇ?"

"ಎಲ್ಲಿ ಹೋಗ್ಲಿ ಮತ್ತ?" ಅಂದೆ.

ನಕ್ಕ. ಎದ್ದು ಬಂದು ನನ್ನ ಕೈ ಹಿಡಿದು ಎಳದ. ಕಟಿಂಗ್ ಟೇಬಲ್ ಮ್ಯಾಲೆ ಬಟ್ಟಿ ಸರಿಸಿ ನನ್ನ ಅಂಗೈ ಅಗಲಕ ಊರಿಸಿ, ಮ್ಯಾಲೆ ತನ್ನ ಕೈ ಇಟ್ಟ. "ಕಿವಿ ಬಿಡು. ಇಲ್ಲಿ ಕೇಳು."

ಕಟ್ಟಿಗಿ ನಡಗಾಕತ್ತಿತ್ತು. ಮುಂಗೈ ತನಕ ಬಂತು.

ಹಾಡು ಕೆಟ್ಟದು. ಅದನ್ನ ಇವತ್ತೂ ಹೇಳ್ತೇನಿ, ನಾಳೆನೂ ಹೇಳ್ತೇನಿ. ಆ ಕೀಬೋರ್ಡ್ ಅಂತೂ ದೇವರೇ ಗತಿ. ಆದ್ರ ಎರಡನೇ ಚರಣ ಮುಗೀತಂದ್ರ ಢೋಲು ಗಪ್ಪನ ನಿಲ್ತದ, ಒಂದು ಉಸಿರು ಬಿಡೋವಷ್ಟು, ಆಮ್ಯಾಲೆ ಅದರ ಎಡಗಡಿಂದ ಒಂದು ದಪ್ಪ ಪೆಟ್ಟು ಬರ್ತದ. ಅದಕ್ಕ ರೂಢಿ ಪ್ರಕಾರ ಕತ್ತೆತ್ತಿ ನೋಡಿದೆ, ಎದುರಿಗೆ ಲಾಡ್ಲೆಸಾಬ.