ಬಾಣಂತಿ ಸೊಪ್ಪಿಗೆ ಮರದ ಬಿಲ್ಲೆ

ಸೇಂಟ್ ಪಾಲ್
ಸೆಪ್ಟೆಂಬರ್ 9, ಮಂಗಳವಾರ

ಪ್ರೀತಿಯ ಮಗ ಫೆಂಗ್‌ಗೆ,

ಮಂಡಿ ನೋವು ಹೇಗಿದೆ? ಅಲ್ಲಿ ಕೊಡುವ ಹಾಸಿಗೆ ತೆಳುವೆಂದು ಬರೆದಿದ್ದೆ. ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಹಾಕಿಕೊ, ನಾಚಿಕೆಪಡಬೇಡ. ಅನ್ನ ಸಿಗುವ ದಿನ ಹೊಟ್ಟೆ ತುಂಬ ತಿನ್ನು. ಯಾರಾದರೂ ಕೆಣಕಿದರೆ ಕಿವಿ ಕೇಳದವನ ಹಾಗೆ ಇದ್ದುಬಿಡು, ನಾನು ನಿನ್ನ ಚಿಕ್ಕಮ್ಮನ ಮುಂದೆ ಇರುವಂತೆ. ನನ್ನ ಆರೋಗ್ಯ ಚೆನ್ನಾಗಿದೆ. ಚಿಕ್ಕಮ್ಮ ಕಿಯಾಳ ರಕ್ತದೊತ್ತಡ ನನ್ನಿಂದಲೇ ಏರುತ್ತಿದೆಯೆಂದು ಅವಳೂ ಹೇಳುತ್ತಾಳೆ, ಡಾಕ್ಟರೂ ಹೇಳುತ್ತಾರೆ. ಇಬ್ಬರೂ ಸೇರಿ ಒಬ್ಬ ಮುದುಕನ ಮೇಲೆ ಬಿದ್ದಿದ್ದಾರೆ. ಈ ಪತ್ರವನ್ನು ನಿನಗಿಂತ ಮೊದಲು ಬಿಚ್ಚುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ನಮ್ಮ ಹ್ಮಾಂಗ್ ಭಾಷೆ ಅವರಿಗೆ ಬಾರದು, ಪಾಪ. ಇದರಲ್ಲಿ ಸೊಪ್ಪಿನ ಸುದ್ದಿ ಬಿಟ್ಟರೆ ಬೇರೇನೂ ಇಲ್ಲವೆಂದು ಹೇಳಿಬಿಡು.

ನಿನ್ನ ಆಗಸ್ಟ್ ಪತ್ರ ಬಂದು ನಾಲ್ಕು ವಾರವಾಯಿತು. ನಿನ್ನ ಹೆಂಡತಿಯ ವಿಷಯ ಬರೆದ ಅದರ ಕೊನೆಯ ನಾಲ್ಕು ಸಾಲು ನನಗೆ ಬಾಯಿಪಾಠವಾಗಿದೆ. "ಚಿಕ್ಕಪ್ಪನ ಮನೆಯಿಂದ ಏನೂ ಬರ್ತಿಲ್ಲ ಅಂತ ಮಾಯ್ ಯಿಯಾ ಫೋನಲ್ಲಿ ಅಂತಾಳೆ. ನೀವು ನೋಡಿದ್ರೆ ವಾರವಾರ ಎರಡು ಚೀಲ ಸೊಪ್ಪು ಕೊಡ್ತಿದೀನಿ ಅಂತ ಬರೀತೀರಿ. ನಮ್ಮ ಚಿಕ್ಕಪ್ಪನ ಮೇಲೆ ಸುಳ್ಳು ಹೇಳಬೇಡ ಅಂದುಬಿಟ್ಟೆ, ಅವತ್ತಿಂದ ಫೋನೇ ಎತ್ತುತ್ತಿಲ್ಲ. ಯಾರನ್ನ ನಂಬಲಿ ಚಿಕ್ಕಪ್ಪ?" ಆ ಪ್ರಶ್ನೆಗೆ ಬರುತ್ತೇನೆ. ಅಲ್ಲಿನ ಪಾದ್ರಿ ಹೋದ ವಾರ ನಿನ್ನನ್ನು ಕೋಣೆಗೆ ಕರೆದು ಹೇಳಿದ ವಿಷಯಕ್ಕೂ ಬರುತ್ತೇನೆ. ಸ್ವಲ್ಪ ತಡೆ. ಎರಡು ಕ್ಲಾಸಿನ ಹಳ್ಳಿ ಶಾಲೆ ನನ್ನದು. ಸುಲಭದ ಲೆಕ್ಕ ಮೊದಲು ಮಾಡು, ಕಷ್ಟದ್ದು ಆಮೇಲೆ ಎಂದು ಮೇಷ್ಟರು ಹೇಳಿಕೊಟ್ಟಿದ್ದರು. ಅಷ್ಟರಲ್ಲಿ ಶಾಲೆ ಸುಟ್ಟುಹೋಯಿತು, ಕಷ್ಟದ ಲೆಕ್ಕ ಕಲಿಯಲೇ ಇಲ್ಲ.

ಸುಲಭದ್ದೆಂದರೆ ನನ್ನ ಸಾಸಿವೆ ಸೊಪ್ಪು. ಶನಿವಾರದ ಸಂತೆಯಲ್ಲಿ ಅರವತ್ತು ಮೇಜುಗಳಿವೆ, ಅದರಲ್ಲಿ ಅರ್ಧ ನಮ್ಮವರವೇ. ಆದರೂ ಈ ವರ್ಷ ಜನ ಸಾಲು ನಿಂತದ್ದು ಒಂದೇ ಮೇಜಿನ ಮುಂದೆ. ನನ್ನ ಎಲೆ ಅಂಗೈ ಎರಡರಷ್ಟು ಅಗಲ, ದಂಟು ಮುರಿದರೆ ಪಕ್ಕದ ಮೇಜಿಗೆ ಕೇಳಿಸಬೇಕು. ಹೆತ್ತವರ ಕೋಳಿ ಸಾರಿಗೆ ಹಾಕುವ ಬಾಣಂತಿ ಸೊಪ್ಪಂತೂ ಐದೂ ಬಗೆಯದು ನನ್ನ ಹತ್ತಿರ ಮಾತ್ರ ಸಿಗುತ್ತದೆ. ಅದರ ಕಡ್ಡಿಗಳನ್ನು ನನ್ನಮ್ಮ ಸೊಂಟದ ಬಟ್ಟೆಯಲ್ಲಿ ಕಟ್ಟಿಕೊಂಡು ಯುದ್ಧದಿಂದ ತಪ್ಪಿಸಿಕೊಳ್ಳಲು ಮೆಕಾಂಗ್ ನದಿ ಈಜಿದ ಕಥೆಯನ್ನು ಬಿಳಿಯ ಹೆಂಗಸರಿಗೆ ಹೇಳುತ್ತೇನೆ, ನಿನಗೇ ಗೊತ್ತಲ್ಲ. ವರ್ಷಕ್ಕೊಂದು ಮೊಸಳೆ ಆ ಕಥೆಗೆ ಸೇರುತ್ತದೆ. ಈಗ ಏಳು ಮೊಸಳೆಗಳಾಗಿವೆ. ಆ ಕಡ್ಡಿ ಕೊಟ್ಟದ್ದು ನಿಜವಾಗಿ ಪಕ್ಕದ ಮೇಜಿನ ಬ್ಲಿಯಾಳ ತಾಯಿ, ಇದೇ ಊರಿನಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಬ್ಲಿಯಾ ಪ್ರತಿ ಸಲವೂ ಕೇಳಿಸಿಕೊಳ್ಳುತ್ತಾಳೆ, ಕೆಮ್ಮುತ್ತಾಳೆ, ಸುಮ್ಮನಾಗುತ್ತಾಳೆ.

ಈ ಬೇಸಿಗೆ ಸಂತೆಗೆ ಜನ ಹೆಚ್ಚಿದ್ದು ಹಸಿರು ಚೀಟಿಯಿಂದ. ಸರ್ಕಾರದ ಊಟದ ಕಾರ್ಡ್ ಇದ್ದವರು ಸಂತೆಯ ನಡುವಿನ ಟೆಂಟಿಗೆ ಹೋಗಿ ಕಾರ್ಡ್ ಉಜ್ಜಿದರೆ ಹತ್ತು ಡಾಲರಿಗೆ ಹತ್ತು ಮರದ ಬಿಲ್ಲೆ ಕೊಡುತ್ತಾರೆ, ಅದರ ಮೇಲೆ ಇನ್ನೂ ಹತ್ತು ಡಾಲರಿನಷ್ಟು ಹಸಿರು ಚೀಟಿ ಪುಕ್ಕಟೆ. ಆ ಚೀಟಿಗೆ ಇಲ್ಲಿನ ಹೊಲದಲ್ಲಿ ಬೆಳೆದ ಹಣ್ಣು ತರಕಾರಿ ಮಾತ್ರ ಸಿಗುತ್ತದೆ, ಬಿಸ್ಕತ್ತು, ನೂಡಲ್ಸ್ ಸಿಗುವುದಿಲ್ಲ. ಬಡವರು ಒಳ್ಳೆಯದನ್ನು ತಿನ್ನಲಿ, ನಮ್ಮಂಥವರ ಸೊಪ್ಪೂ ಮಾರಿಹೋಗಲಿ ಎಂದು ಯಾರೋ ಬುದ್ಧಿವಂತರು ಮಾಡಿದ್ದಾರೆ. ಈ ಸುದ್ದಿಯನ್ನು ಏಪ್ರಿಲ್‌ನಲ್ಲಿ ಮಾಯ್ ಯಿಯಾಳಿಗೆ ಮೊದಲು ಹೇಳಿದವನು ನಾನೇ. ಇದು ಜಂಬವಲ್ಲ, ನಿಜ. ನ್ಯಾಯಾಲಯದಿಂದ ನಿನ್ನನ್ನು ಒಳಬಾಗಿಲಿನಿಂದ ಕರೆದೊಯ್ಯುವಾಗ ನೀನು ತಿರುಗಿ "ಅವಳನ್ನ ನೋಡ್ಕೊಳ್ಳಿ ಚಿಕ್ಕಪ್ಪ" ಎಂದೆಯಲ್ಲ, ಅವಳ ಹೊಟ್ಟೆಯಲ್ಲಿ ಆಗಲೇ ಕೂಸಿತ್ತು. ನಿನ್ನಪ್ಪ ತೀರಿಕೊಂಡ ಮೇಲೆ ಆ ಮಾತು ಹೇಳಲು ನಿನಗಿದ್ದವನು ನಾನೊಬ್ಬನೇ.

ಮೇ ತಿಂಗಳ ಮೊದಲ ಶನಿವಾರ ಅವಳು ಬಂದಳು. ಒಳ್ಳೆಯ ಅಂಗಿ ಹಾಕಿದ್ದಳು, ತಲೆ ಬಾಚಿದ್ದಳು, ಪಾಕೂಳ ಕೈ ಹಿಡಿದಿದ್ದಳು. ನಿನ್ನ ಮಗಳು ಆರು ವರ್ಷಕ್ಕೇ ಅಪ್ಪನ ಹಾಗೆ ಮೂಗು ಸಿಂಡರಿಸುತ್ತಾಳೆ. ಮಾಯ್ ಯಿಯಾ ಎಲ್ಲರಂತೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಎರಡು ಕಟ್ಟು ಸಾಸಿವೆ ಸೊಪ್ಪು, ಒಂದು ಕಟ್ಟು ಕುಂಬಳದ ಕುಡಿ ಆರಿಸಿ ಮೇಜಿನ ಮೇಲೆ ಬಿಲ್ಲೆಗಳನ್ನಿಟ್ಟಳು. ನಾನು ಅವನ್ನು ಅವಳ ಕಡೆಗೆ ತಳ್ಳಿದೆ. "ಏ ಹುಡುಗಿ, ಒಳಗಿಡು ಅದನ್ನ. ಅಣ್ಣನ ಸೊಸೆ ನನ್ನ ಮೇಜಿಗೆ ದುಡ್ಡಿಟ್ಟರೆ ಸತ್ತ ಅಣ್ಣ ಎದ್ದು ಬಂದು ಕಿವಿ ಹಿಂಡ್ತಾನೆ" ಎಂದೆ. ಇದರಲ್ಲಿ ತಪ್ಪೇನಿದೆ ಹೇಳು. ಸ್ವಂತ ಕುಲದವರ ಕೈಯಿಂದ ಸೊಪ್ಪಿಗೆ ಕಾಸು ತೆಗೆದುಕೊಂಡ ಗಂಡಸನ್ನು ನಾವು ಗಂಡಸೆನ್ನುತ್ತೇವೆಯೇ? ಅವಳು ಧ್ವನಿ ತಗ್ಗಿಸಿ, "ಇವತ್ತು ನಾನು ಗಿರಾಕಿ ಮಾವ. ತಗೊಳ್ಳಿ" ಎಂದಳು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಸಾಲಿನಲ್ಲಿ ಹದಿನೈದು ಜನ ಇದ್ದರು, ಎಲ್ಲರೂ ನಮ್ಮವರೇ. ಅಷ್ಟು ಜನ ಕೇಳುತ್ತಿರುವಾಗ ನನ್ನ ನಾಲಿಗೆ ಸುಮ್ಮನೆ ಇರುವುದುಂಟೇ? "ನೋಡ್ದ್ಯಾ ಬ್ಲಿಯಾ, ಗಂಡ ಜೈಲಲ್ಲಿ, ಸರ್ಕಾರದ ಕಾರ್ಡು ಕೈಯಲ್ಲಿ, ಮಾತು ನೋಡಿದ್ರೆ ರಾಣೀದು. ನಾನಿಲ್ದಿದ್ರೆ ಇವಳ ಮನೇಲಿ ಒಲೆ ಉರೀತಿತ್ತಾ?" ಎಂದೆ. ಜನ ನಕ್ಕರು. ಪ್ರೀತಿಯಿಂದಲೇ ಅಂದದ್ದು, ನನ್ನ ಮಾತು ಯಾವಾಗಲೂ ಹಾಗೇ. ಅವಳೂ ಸ್ವಲ್ಪ ನಕ್ಕಳು. ಆಮೇಲೆ ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡು, ಸೊಪ್ಪನ್ನು ಇದ್ದಲ್ಲೇ ಬಿಟ್ಟು, ಮಗಳ ಕೈ ಹಿಡಿದು ನಡೆದಳು. ನಾನು ಹಿಂದೆ ಹೋಗಲಿಲ್ಲ. ಮೇಜಿನ ಮುಂದೆ ಗಿರಾಕಿಗಳಿದ್ದರು.

ಆ ದಿನ ಅವಳು ಬ್ಲಿಯಾಳ ಮೇಜಿಗೂ ಹೋಗಿದ್ದಳಂತೆ, ಇದು ನನಗೆ ತಿಳಿದದ್ದು ಮೊನ್ನೆ. "ಬಿಲ್ಲೆ ಹಿಡ್ಕೊಂಡು ಬಂದ್ಲು. ನಿನ್ನ ಸೊಸೆ ಹತ್ರ ನಾನು ತಗೊಂಡ್ರೆ ನೀನು ಊರೆಲ್ಲ ನನ್ನ ಮಾನ ಕಳೀತೀಯ ಅಂತ, ನಿಮ್ಮ ಮಾವನ ಹತ್ರಾನೇ ಇಸ್ಕೋ ಹೋಗಮ್ಮ ಅಂದೆ" ಎಂದಳು ಬ್ಲಿಯಾ. ಇನ್ನೂ ಇಬ್ಬರು ಹಾಗೇ ಹೇಳಿ ಕಳಿಸಿದರಂತೆ. ಬಿಲ್ಲೆ ನಡೆಯುವುದು ಸಂತೆಯೊಳಗೆ ಮಾತ್ರ, ಸಂತೆಯಲ್ಲಿ ನಮ್ಮವರಾರೂ ಅವಳಿಂದ ಬಿಲ್ಲೆ ತೆಗೆದುಕೊಳ್ಳುವುದಿಲ್ಲ, ಅಷ್ಟು ಜನ ನಕ್ಕ ಮೇಲೆ ಉಳಿದ ಮೇಜುಗಳಿಗೆ ಹೋಗುವ ಮನಸ್ಸೂ ಅವಳಿಗೆ ಬರಲಿಲ್ಲವೇನೋ. ಬೇಸಿಗೆಯಿಡೀ ಅವಳು ಮತ್ತೆ ಆ ಕಡೆ ಬರಲಿಲ್ಲ. ಮನೆ ಹತ್ತಿರದ ಅಂಗಡಿಯಲ್ಲಿ ಕಾರ್ಡ್ ಉಜ್ಜಿ ಪೊಟ್ಟಣದ ನೂಡಲ್ಸ್ ತಂದು ಬೇಯಿಸಿಕೊಳ್ಳುತ್ತಿದ್ದಳು. ಜುಲೈನಲ್ಲಿ ಆಸ್ಪತ್ರೆಯವರು ರಕ್ತ ತೀರಾ ಕಡಿಮೆಯಿದೆ, ಸೊಪ್ಪು ತರಕಾರಿ ತಿನ್ನಬೇಕು ಎಂದು ಕಾಗದದ ಮೇಲೆ ಎಲೆಗಳ ಚಿತ್ರ ಬರೆದು ಕೊಟ್ಟಿದ್ದರಂತೆ. ಆ ಕಾಗದ ಈಗಲೂ ಅವಳ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ.

ಈಗ ಕಷ್ಟದ್ದಕ್ಕೆ, ಪಾದ್ರಿ ನಿನಗೆ ಹೇಳಿದ ವಿಷಯಕ್ಕೆ ಬರುತ್ತೇನೆ. ಮೊನ್ನೆ ಶನಿವಾರ ಬೆಳಿಗ್ಗೆ ಇಬ್ಬರು ಹೆಂಗಸರಿಗೆ ಮೊಸಳೆ ಕಥೆ ಹೇಳುತ್ತಿದ್ದೆ. ಐದನೇ ಮೊಸಳೆಯ ಹೊತ್ತಿಗೆ ಬ್ಲಿಯಾ ನನ್ನ ತೋಳು ಜಗ್ಗಿ, "ಚೆರ್ ಪಾವಣ್ಣ, ಬಾಯಿ ನಿಲ್ಸು ಸ್ವಲ್ಪ. ನಿಮ್ಮನೆ ಕೂಸು ಹೋಯ್ತಂತಲ್ಲ" ಎಂದಳು. "ಯಾವ ಕೂಸು?" ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಅದೂ ಗೊತ್ತಿಲ್ವಾ ನಿನಗೆ" ಎಂದಳು. ನನ್ನ ಮನೆಯ ಹುಟ್ಟು, ನನ್ನ ಮನೆಯ ಸಾವು, ಎರಡೂ ನನಗೆ ಗೊತ್ತಾದದ್ದು ಸಂತೆಯಲ್ಲಿ, ತಕ್ಕಡಿ ಕೈಯಲ್ಲಿ ಹಿಡಿದುಕೊಂಡು.

ಆಗಸ್ಟ್ 28ರ ಗುರುವಾರ, ಎರಡು ತಿಂಗಳು ಮೊದಲೇ ಹೆರಿಗೆಯಾಯಿತಂತೆ. ಹೆಣ್ಣು. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಶನಿವಾರ ಬೆಳಗಾಗುವ ಹೊತ್ತಿಗೆ ಹೋಯಿತು. ಅದು ಮೂರನೆಯ ದಿನ. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಮೊಟ್ಟೆ, ಅಕ್ಕಿ, ಊದುಬತ್ತಿ ಇಟ್ಟು ಕೂಸಿನ ಜೀವವನ್ನು ಮನೆಯೊಳಗೆ ಕರೆದು ಹೆಸರಿಡಬೇಕಾದವನು ನಾನು. ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಜೀವ ಕರೆಯುವವನಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ನೂರಾರು ಮಕ್ಕಳನ್ನು ಕರೆದಿದ್ದೇನೆ. ನಿನ್ನನ್ನು ಕರೆದವನೂ ನಾನೇ. ಇವಳನ್ನು ಕರೆಯಲಿಲ್ಲ. ಹೆಸರಿಲ್ಲದೆ ಹೋದಳು. ಇಂಥವು ಒಮ್ಮೊಮ್ಮೆ ಆಗುತ್ತವೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಮಾಯ್ ಯಿಯಾಳಿಗೆ ಹೇಳಿದರಂತೆ. ಡಾಕ್ಟರಿಗೆ ಸಂತೆಯ ವಿಷಯ ಗೊತ್ತಿಲ್ಲ.

ಮೇಜನ್ನು ಬ್ಲಿಯಾಳಿಗೆ ಒಪ್ಪಿಸಿ, ಇದ್ದ ಬಾಣಂತಿ ಸೊಪ್ಪನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಹೋದೆ. ಮಾಯ್ ಯಿಯಾಳೇ ಬಾಗಿಲು ತೆರೆದಳು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಅವಳ ಅಕ್ಕ ನಾಲ್ಕು ದಿನ ಇದ್ದು ಕೆಲಸಕ್ಕೆ ಹಿಂದಿರುಗಿದ್ದಳು. ಒಲೆಯ ಮೇಲೆ ಕೋಳಿ ಸಾರಿತ್ತು, ಬರೀ ಬಿಳಿ ನೀರು, ಒಂದು ಎಲೆಯೂ ಇಲ್ಲ. ಮೂವತ್ತು ದಿನದ ಬಾಣಂತನದಲ್ಲಿ ಒಂಬತ್ತು ದಿನ ಅವಳು ಅದನ್ನೇ ಕುಡಿದಿದ್ದಳು. ಕೂಸಿದ್ದರೂ ಇಲ್ಲದಿದ್ದರೂ ಹೆತ್ತ ಮೈಗೆ ಆ ಸೊಪ್ಪು ಬೇಕು, ಇಲ್ಲದಿದ್ದರೆ ವಯಸ್ಸಾದ ಮೇಲೆ ಮೂಳೆ ಮೂಳೆಯೂ ನೋಯುತ್ತದೆಂದು ನಮ್ಮ ಹೆಂಗಸರು ಹೇಳುವುದು ನಿನಗೆ ಗೊತ್ತು. ನಾನು ಸೊಪ್ಪಿನ ರಾಶಿಯನ್ನು ಹೊಸ್ತಿಲ ಹತ್ತಿರ ಇಳಿಸಿ ಏನಾದರೂ ಹೇಳಬೇಕೆಂದು ನಿಂತೆ. ನನಗೆ ಮಾತು ಹೊರಡಲಿಲ್ಲ. ಇದನ್ನು ನೀನು ನಂಬಲಿಕ್ಕಿಲ್ಲ.

"ಕಟ್ಟಿಗೆಷ್ಟು ಮಾವ?" ಎಂದಳು.

ನಾನು ಬಗ್ಗಿ ಕಟ್ಟುಗಳನ್ನು ಸಾಲಾಗಿ ಜೋಡಿಸತೊಡಗಿದೆ. ಅವಳು ಒಳಗೆ ಹೋಗಿ ನೂಡಲ್ಸಿನ ಖಾಲಿ ಪೊಟ್ಟಣವೊಂದನ್ನು ತಂದಳು. ಅದರಲ್ಲಿ ಮೇ ತಿಂಗಳ ಬಿಲ್ಲೆಗಳು ಹಾಗೇ ಇದ್ದವು, ಹಸಿರು ಚೀಟಿಗಳೂ ಇದ್ದವು. "ಇವತ್ತಾದ್ರೂ ತಗೊಳ್ತೀರಾ, ಇಲ್ಲಾ ಜನ ಸೇರ್ಲಿ ಅಂತ ಕಾಯ್ಬೇಕಾ?" ಎಂದು ಕೇಳಿದಳು. "ಕಟ್ಟಿಗೆ ಮೂರು" ಎಂದೆ. "ಸಂತೇಲಿ ಎರಡಕ್ಕೆ ಕೊಡ್ತೀರಂತೆ." "ಎರಡು" ಎಂದೆ. ಅವಳು ಐದು ಕಟ್ಟು ಆರಿಸಿದಳು, ಬಾಡಿದ ಒಂದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಕೇಳಿದಳು. ಬಿಲ್ಲೆ, ಚೀಟಿ ಬೆರೆಸಿ ನನ್ನ ಅಂಗೈಗೆ ಹಾಕಿದಳು. ಚೀಟಿಯ ಮೇಲಿನ ತಾರೀಖು ಜುಲೈಗೇ ಮುಗಿದಿತ್ತು. ಅದನ್ನೂ ತೆಗೆದುಕೊಂಡೆ. ಉಳಿದ ಸೊಪ್ಪನ್ನು ವ್ಯಾನಿಗೆ ವಾಪಸು ಹೊತ್ತುಕೊಂಡು ಬಂದೆ, ಕೊಂಡದ್ದಷ್ಟೇ ಅವಳದು. ನಿನ್ನೆಯೂ ಹೋಗಿದ್ದೆ, ಹಾಗೇ ಕೊಂಡಳು. ಅಡುಗೆ ಮಾಡಲು ಕಿಯಾಳನ್ನು ಒಳಗೆ ಬಿಟ್ಟುಕೊಂಡಿದ್ದಾಳೆ. ಮೂವತ್ತು ದಿನ ಮುಗಿದ ಮೇಲೆ ದುಃಖಕ್ಕೆ ಬೆದರಿ ಅಲೆಯುತ್ತಿರುವ ಅವಳ ಜೀವವನ್ನಾದರೂ ಕರೆದುಕೊಡುತ್ತೇನೆ ಎಂದೆ. "ಆಗ ಬನ್ನಿ. ಮೊಸಳೆ ಬೇಡ" ಎಂದಳು. ಬಿಲ್ಲೆಗಳನ್ನು ನಾನು ಟೆಂಟಿನವರಿಗೆ ಒಪ್ಪಿಸಿ ದುಡ್ಡು ಮಾಡಿಕೊಂಡಿಲ್ಲ. ಅಂಗಿಯ ಜೇಬಿನಲ್ಲೇ ಇವೆ, ಬಗ್ಗಿದಾಗ ಸದ್ದು ಮಾಡುತ್ತವೆ.

ಪಾಕೂ ಶಾಲೆಗೆ ಹೋಗುತ್ತಿದ್ದಾಳೆ, ಅವಳ ಚಿಂತೆ ಬೇಡ. ನಮ್ಮ ಹಿರಿಯರು ಆ ಗೋಡೆಗಳ ಒಳಗೂ ನಿನ್ನ ಬೆನ್ನ ಹಿಂದೆ ನಿಂತಿರಲಿ. ನೀನು ಬರುವ ದಿನ ಗೇಟಿನ ಹೊರಗೆ ನನ್ನ ವ್ಯಾನು ನಿಂತಿರುತ್ತದೆ, ಅದು ಅಲ್ಲಿಯವರೆಗೆ ಓಡಿದರೆ. ಚಿಕ್ಕಮ್ಮ ನಿನ್ನ ತಲೆ ಸವರಿದ್ದೇನೆಂದು ಬರೆ ಎನ್ನುತ್ತಿದ್ದಾಳೆ.

ನಿನ್ನ ಚಿಕ್ಕಪ್ಪ,
ಚೆರ್ ಪಾವ್

ಮರೆತದ್ದು: ಮರೆಯಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಎರಡು ಸಲ ಚೀಲ ಇಟ್ಟು ಬಂದೆ, ಎರಡೂ ಅವಳ ಬಾಗಿಲಲ್ಲೇ ಕೊಳೆತವು. ಮೂರನೆಯ ಸಲ ಹೋದರೆ ಯಾರಾದರೂ ನೋಡಿ ನಗುತ್ತಾರೆಂದು ಹೋಗಲಿಲ್ಲ. ಕಿಯಾ ಅವಳಿಗೆಂದು ವಾರವಾರ ಕಟ್ಟಿಕೊಟ್ಟ ಚೀಲವನ್ನು ಸಂತೆಯಲ್ಲಿ ಮಾರಿಬಿಟ್ಟು, ಕೊಟ್ಟೆ ಎಂದು ಕಿಯಾಳಿಗೆ ಹೇಳಿದೆ, ನಿನಗೂ ಬರೆದೆ. ಜೂನ್, ಜುಲೈ, ಆಗಸ್ಟ್ ಪತ್ರಗಳಲ್ಲಿ ಸೊಪ್ಪಿನ ಬಗ್ಗೆ ಬರೆದದ್ದೆಲ್ಲ ಸುಳ್ಳು. ಯಾರನ್ನು ನಂಬಲಿ ಎಂದು ಕೇಳಿದೆಯಲ್ಲ, ಅವಳನ್ನು ನಂಬು. ಫೋನ್ ಮಾಡು. ಎತ್ತದಿದ್ದರೆ ಮತ್ತೆ ಮಾಡು. ಬಾಣಂತನದ ಇನ್ನುಳಿದ ಹದಿನೇಳು ದಿನ ಅವಳು ಬೇರೆಯವರ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ, ಮನೆಯಲ್ಲೇ ಇರುತ್ತಾಳೆ.