ತಪಾಸಣೆಯ ದಿನ ಮಾತ್ರ ಸುಖಪಟ್ಟ ಇಲಿಗಳು

ಪ್ರಯೋಗಪ್ರಾಣಿಗಳ ಯೋಗಕ್ಷೇಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ನಮ್ಮ ಪ್ರಯೋಗಾಲಯಕ್ಕೆ ದಯಮಾಡಿಸಿದ್ದರಿಂದ ಇಲ್ಲಿನ ಇಲಿಗಳಿಗೆ ಘೋರ ಅನ್ಯಾಯವಾಗಿದೆ. ತಾವು ಬಾರದೇ ಇದ್ದಿದ್ದರೆ ಸುಖ ಎಂದರೇನೆಂದು ಆ ಬಡಜೀವಗಳಿಗೆ ಗೊತ್ತೇ ಆಗುತ್ತಿರಲಿಲ್ಲ.

ತಾವು ಬರುವ ಸುದ್ದಿ ಮುಂಚೆಯೇ ಮುಟ್ಟಿತ್ತು. ಬರಿಯ ತಂತಿಯ ಮೇಲೆ ಒಂಟಿಯಾಗಿ ಕೂತಿದ್ದ ಇಲಿಗಳಿಗೆ ದಿಢೀರನೆ ಮರದ ಹೊಟ್ಟಿನ ಹಾಸಿಗೆ, ಗೂಡು ಕಟ್ಟಲು ಕಾಗದದ ಚೂರು, ಅಡಗಿಕೊಳ್ಳಲು ರಟ್ಟಿನ ಕೊಳವೆ, ಮೇಲೆ ಜೊತೆಗೊಂದು ಸಂಗಾತಿ ಇಲಿ. "ಮದುವೆಮನೆ ಆಗೋಯ್ತು ಮೇಡಂ" ಎಂದು ಮೇಲ್ವಿಚಾರಕರು ನನ್ನತ್ತ ನೋಡಿ ನಕ್ಕರು. ತಾವು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಾಗಿಲಲ್ಲೇ ನಿಂತು ಇಣುಕಿ, 'ಮಾದರಿ ವ್ಯವಸ್ಥೆ' ಎಂದು ಪ್ರಮಾಣಪತ್ರ ದಯಪಾಲಿಸಿದಿರಿ. ಪ್ರಾಣಿಗಳನ್ನು ಇಷ್ಟು ದೂರದಿಂದ ಪ್ರೀತಿಸುವವರನ್ನು ನಾನು ಕಂಡಿರಲಿಲ್ಲ.

ನಮ್ಮಲ್ಲಿ ಹರಕುಗಿವಿ ಎಂಬ ಹೆಣ್ಣಿಲಿ ಇದೆ. ಕೈ ಹಾಕಿದವರನ್ನೆಲ್ಲ ಕಚ್ಚುತ್ತಿತ್ತು. ಬಾಲ ಹಿಡಿದು ತಲೆಕೆಳಗಾಗಿ ಎತ್ತಿದರೆ ತಾವಾದರೂ ಕಚ್ಚುತ್ತಿರಲಿಲ್ಲವೇ? ತಂಗಿಯ ಜೊತೆ ಬಿಟ್ಟ ಮೇಲೆ ಎರಡೂ ಕೊಳವೆಯೊಳಗೆ ಒಂದರ ಮೇಲೊಂದು ಬಿದ್ದು ನಿದ್ದೆಹೋದವು. ಕೊಳವೆಯ ಸಮೇತ ಎತ್ತಿದೆ, ಹಲ್ಲು ತೋರಿಸಲಿಲ್ಲ. ಆದರೆ ತಮ್ಮ ಕಾರು ಗೇಟು ದಾಟಿದ್ದೇ ತಡ, ಎಲ್ಲವೂ ಉಗ್ರಾಣ ಸೇರಿತು. ಅಕ್ಕತಂಗಿಯರು ಬೇರೆಯಾದರು. ಹರಕುಗಿವಿ ಮೇವು ಮುಟ್ಟದೆ ತಂತಿ ಕಡಿಯತೊಡಗಿತು.

ನಿರ್ದೇಶಕರ ಬಳಿಗೆ ಹೋದೆ.

"ಯಾಕೆ ಸರ್ ತೆಗೆಸಿದ್ರಿ?"

"ಮುಂದಿನ ತಪಾಸಣೆಗೆ ಬೇಕಲ್ಲಮ್ಮಾ! ಇಲಿಗೆ ಎಂಥಾ ಸಂಸಾರ?"

"ಹೆದರಿ ನಡುಗೋ ಇಲಿಯ ರಕ್ತದೊತ್ತಡ ಅಳೆದು ಮನುಷ್ಯರಿಗೆ ಔಷಧಿ ಮಾಡ್ತೀವಿ. ಆ ಮಾತ್ರೆ ನೀವು ನುಂಗ್ತೀರಾ ಸರ್?"

"ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ" ಎಂದರು.

ಹಾಕಿಕೊಂಡೇ ಹೋದೆ, ನೇರ ಉಗ್ರಾಣಕ್ಕೆ. ಎಲ್ಲವನ್ನೂ ಹೊತ್ತು ತಂದು ಪಂಜರಗಳಿಗೆ ಹಾಕಿದೆ. ತಂಗಿಯನ್ನು ಬಿಟ್ಟೊಡನೆ ಹರಕುಗಿವಿ ಅದರ ಮೈಯೆಲ್ಲ ಮೂಸಿತು. ಸಂಜೆಗೆ ಮೇವಿಗೆ ಬಾಯಿ ಹಾಕಿತು. ಮರುದಿನ ನನಗೆ ನೋಟಿಸು: 'ಸಂಸ್ಥೆಯ ಸ್ವತ್ತನ್ನು ಅನಧಿಕೃತವಾಗಿ ಇಲಿಗಳಿಗೆ ಒದಗಿಸಿರುತ್ತೀರಿ.' ಪ್ರಾಣಿಗೃಹದ ಕೀಲಿಕೈ ಕಸಿದುಕೊಂಡರು. ಇಲಿಗಳು ಮತ್ತೆ ಒಂಟಿ. ಪ್ರಮಾಣಪತ್ರಕ್ಕೆ ಮಾತ್ರ ಗಾಜಿನ ಚೌಕಟ್ಟು ಬಂದಿದೆ.

ಕೀಲಿಕೈ ಕೊಡಿಸಿ ಎಂದು ನಾನು ಬೇಡುತ್ತಿಲ್ಲ. ತಾವು ಇನ್ನೊಮ್ಮೆ ಬನ್ನಿ, ಯಾರಿಗೂ ಹೇಳದೆ ಬನ್ನಿ, ಹೊಸ್ತಿಲು ದಾಟಿ ಒಳಗೆ ಬನ್ನಿ. ಹಾಸಿಗೆಯನ್ನೂ ಜೊತೆಯನ್ನೂ ಕಡ್ಡಾಯ ಮಾಡಿ, ಬಾಲ ಹಿಡಿದೆತ್ತುವುದನ್ನು ನಿಷೇಧಿಸಿ, ಆದೇಶ ಹೊರಡಿಸಿ. ಅವು ಹೇಗೂ ನಮಗಾಗಿ ಸಾಯುತ್ತವೆ. ಅಲ್ಲಿಯವರೆಗಾದರೂ ಬದುಕಲಿ.

ಇಂತಿ,
ವಿಧೇಯಳಾಗಿರಲು ಯತ್ನಿಸಿ ಸೋತ
ಒಬ್ಬ ಸಂಶೋಧಕಿ